ಬಾಣಂತಿಯ ಮನೆಯ ಹೊಸ್ತಿಲಲ್ಲಿ

ಮಹಾರಾಷ್ಟ್ರದ ಗಡಿಗೆ ತಾಗಿದ ಆಳಂದ, ಅಫಜಲಪುರಗಳಲ್ಲಿಯೂ ಭೀಮೆಯ ಸೀಮೆಯ ಜೇವರ್ಗಿಯಲ್ಲಿಯೂ ಹೆರಿಗೆ ಕೋಣೆಯೊಳಗೆ ಕನ್ನಡದೊಡನೆ ಮರಾಠಿ, ಉರ್ದು, ತಾಂಡಾದ ಲಂಬಾಣಿ ಮಾತು ಕೇಳಿಬಂದರೆ ಅದು ಸೋಜಿಗವಲ್ಲ. ಆದರೆ ಪಕ್ಕದ ಓಣಿಯ ಮಾತು ಕಿವಿಗೆ ಪರಿಚಿತವಾದ ಮಾತ್ರಕ್ಕೆ ಅಲ್ಲಿನ ಬಾಣಂತಿಯ ಕೋಣೆ ಪರಿಚಿತವಾಗುವುದಿಲ್ಲ.

ಬೆಳ್ಳುಳ್ಳಿಯಿಂದ ಎದೆಹಾಲು ಹೆಚ್ಚುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಲವಾಗಿದೆ. ಸೂಲಗಿತ್ತಿ ವಿದ್ಯೆ ಕಲಿಯುತ್ತಿರುವ ತರುಣಿಯೊಬ್ಬಳು ಸದ್ಭಾವದಿಂದಲೇ ಅದನ್ನು ಜೈನ ಬಾಣಂತಿಗೆ ಒತ್ತಾಯಿಸಬಹುದು. ಸೂರ್ಯಾಸ್ತದ ಬಳಿಕ ಊಟ ಬೇಡವೆಂದವಳನ್ನು ಹಟಮಾರಿಯೆಂದು ಗದರಿಸಬಹುದು. ಇನ್ನು ಜೈನ ಮನೆಯ ಮಗಳೇ ದಾದಿಯಾದಳೆನ್ನಿ. ತಾಂಡಾದ ಹೆಣ್ಣಿಗೋ, ರಂಜಾನಿನ ಉಪವಾಸ ಬಿಡಲೊಪ್ಪದ ಗರ್ಭಿಣಿಗೋ ಅಂಥದೇ ಗದರಿಕೆ ಅವಳ ಬಾಯಿಂದಲೂ ಬಂದೀತು. ಗದರಿಸಿಕೊಂಡವಳು ಮುಂದಿನ ಹೆರಿಗೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾಳೆ. ರಕ್ತಸ್ರಾವವಾದಾಗ ಆ ಹಿಂಜರಿಕೆಯ ಬೆಲೆ ಎರಡು ಜೀವ.

ಇದನ್ನು ಗಾಢವಾಗಿ ಚಿಂತಿಸಿದ ದೇಶ ನ್ಯೂಜಿಲೆಂಡ್. ಅಲ್ಲಿನ ಮಾವೋರಿ ಶುಶ್ರೂಷಕಿ ಇರಿಹಾಪೆಟಿ ರಾಮ್ಸ್‌ಡನ್ ರೂಪಿಸಿದ ವಿಚಾರವನ್ನು 1992ರಲ್ಲಿ ಶುಶ್ರೂಷೆ ಹಾಗೂ ಪ್ರಸೂತಿ ಶಿಕ್ಷಣದಲ್ಲಿ ಅಳವಡಿಸಲಾಯಿತು. ಪರರ ಆಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ಅದರ ಗುರಿಯಲ್ಲ. ದಾದಿಯು ಮೊದಲು ತನ್ನ ಸಂಸ್ಕಾರವನ್ನೂ ತನ್ನ ಕೈಯಲ್ಲಿರುವ ಅಧಿಕಾರವನ್ನೂ ಪರೀಕ್ಷಿಸಿಕೊಳ್ಳಬೇಕು; ಆರೈಕೆ ಸರಿಯಾಯಿತೋ ಇಲ್ಲವೋ ಎಂಬ ತೀರ್ಪು ಪಡೆದವಳದು, ಕೊಟ್ಟವಳದಲ್ಲ.

2020ರ ಮಹಾಮಾರಿಯ ಕಾಲದಲ್ಲಿ ವಿದ್ಯಾರ್ಥಿಗಳು ಗಣಕಯಂತ್ರದ ತೆರೆಯ ಮೇಲೆ ಪಾಠ ಕೇಳುವುದನ್ನು ರೂಢಿಸಿಕೊಂಡರು. ಅದೇ ತೆರೆಯ ಮೂಲಕ ಜೇವರ್ಗಿಯ ವಿದ್ಯಾರ್ಥಿನಿ ದೂರದೇಶದ ಓರಗೆಯವಳೊಡನೆ ಮಾತನಾಡುವಳೆಂದು ಭಾವಿಸೋಣ. "ಹೆರುವವಳ ಪಕ್ಕದಲ್ಲಿ ನಿಮ್ಮಲ್ಲಿ ಗಂಡನೇಕೆ ನಿಲ್ಲುವುದಿಲ್ಲ?" ಎಂದು ಅವಳು ಕೇಳಿದರೆ ಇವಳಿಗೆ ಥಟ್ಟನೆ ಉತ್ತರ ಹೊಳೆಯದು, ಅದುವರೆಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. "ಹೆತ್ತ ಮರುದಿನವೇ ಮನೆಗೆ ಕಳುಹಿಸಿದರೆ ನಿಮ್ಮ ಬಾಣಂತಿಗೆ ನೀರು ಕಾಯಿಸಿ ಎರೆಯುವವರು ಯಾರು?" ಎಂದು ಇವಳು ಕೇಳಿದಾಗ ಅವಳಿಗೂ ಅಷ್ಟೇ. ಇಂಗ್ಲಿಷಿನ ಅಂಜಿಕೆ, ಹೊತ್ತಿನ ವ್ಯತ್ಯಾಸ, ಹಳ್ಳಿಯ ವಿದ್ಯುತ್ತು ಇವೆಲ್ಲ ಅಡ್ಡಿಗಳೇ, ನಿಜ. ಅವಕ್ಕಿಂತ ಎಚ್ಚರ ವಹಿಸಬೇಕಾದ ಸಂಗತಿ ಬೇರೊಂದಿದೆ: ಯಾವ ತಾಯಿಯ ಹೆಸರೂ ಮುಖವೂ ಆ ತೆರೆಯನ್ನು ಸೇರಬಾರದು.

ಹಾಗೆಂದು ಎಲ್ಲ ರೂಢಿಗೂ ತಲೆಬಾಗಬೇಕೇ? ಅಂತಾರಾಷ್ಟ್ರೀಯ ಸೂಲಗಿತ್ತಿಯರ ಒಕ್ಕೂಟವು 1993ರಲ್ಲಿ ಒಪ್ಪಿದ ನೀತಿಸಂಹಿತೆ ಸಂಸ್ಕೃತಿಯನ್ನು ಗೌರವಿಸುವಂತೆಯೂ ಅದರೊಳಗಿನ ಹಾನಿಕರ ಪದ್ಧತಿಯನ್ನು ತೊಲಗಿಸಲು ಶ್ರಮಿಸುವಂತೆಯೂ ಒಟ್ಟಿಗೇ ಹೇಳುತ್ತದೆ. ಮೊದಲ ಗಟ್ಟಿಹಾಲನ್ನು ಚೆಲ್ಲುವ ರೂಢಿಯನ್ನು ದಾದಿ ಒಪ್ಪಲಾಗದು. ಹುಟ್ಟಿದ ಒಂದು ಗಂಟೆಯೊಳಗೆ ಅದೇ ಹಾಲು ಶಿಶುವಿಗೆ ಸಿಗಬೇಕು. ಜೇನುತುಪ್ಪದ ಕತೆ ಇನ್ನೂ ಸ್ವಾರಸ್ಯದ್ದು. ಜೈನರು ಅದನ್ನು ಬಿಡುವುದು ಜೀವದಯೆಯಿಂದ. ವರ್ಷ ತುಂಬದ ಕೂಸಿಗೆ ವೈದ್ಯರು ಅದನ್ನು ನಿಷೇಧಿಸುವುದು ಅದರಲ್ಲಿರಬಹುದಾದ ಮಾರಕ ಸೂಕ್ಷ್ಮಾಣುವಿನ ಭಯದಿಂದ. ದಾರಿ ಎರಡು, ನಿಂತ ಜಾಗ ಒಂದು! ನೆರೆಮನೆಯವರು ಕೂಸಿನ ನಾಲಿಗೆಗೆ ಜೇನು ಸವರಲು ಬಂದಾಗ ಬೇಡವೆನ್ನಲು ವಿದ್ಯಾರ್ಥಿನಿಗೆ ಈ ಎರಡೂ ಮಾತು ಗೊತ್ತಿರಬೇಕು.

ದೂರದವಳೊಡನೆ ತೆರೆಯ ಮೇಲೆ ಮಾತನಾಡಿದವಳು ಮರುದಿನ ತಾಂಡಾಕ್ಕೆ ಹೋಗದಿದ್ದರೆ ಆ ಮಾತು ಬರಿಯ ವಿನೋದವಾದೀತು. ಬಸದಿಯ ಧರ್ಮದರ್ಶಿಗಳು ಒಂದು ಮಧ್ಯಾಹ್ನ ಸಭಾಮಂದಿರದ ಬಾಗಿಲು ತೆರೆದು ಈ ವಿದ್ಯಾರ್ಥಿನಿಯರನ್ನು ಮನೆತನದ ಹಿರಿಯಜ್ಜಿಯರ ಎದುರು ಕೂರಿಸಲಿ. ಬೆಳ್ಳುಳ್ಳಿಯಿಲ್ಲದೆ ಬಾಣಂತನ ಸಾಗಿದ ಬಗೆಯನ್ನು ಅಜ್ಜಿಯರೇ ಹೇಳುವರು.