ಬಳೆಯ ಅಳತೆಯ ಗುರಿ

ಚಿಕ್ಕಪೇಟೆಯ ಮೆಟ್ರೊ ನಿಲ್ದಾಣದಿಂದ ಮೇಲೇರಿ ಬಳೇಪೇಟೆಯತ್ತ ಹೆಜ್ಜೆ ಹಾಕುವವನಿಗೆ ಮೊದಲು ಎದುರಾಗುವುದು ಜನಸಂದಣಿ, ಆಮೇಲೆ ಬಣ್ಣ, ಆ ಬಳಿಕ ನಾದ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಹಳೆಯ ಪೇಟೆಯ ಒಳಗಣ ಬೀದಿ ಇದು. ಬಳೆಯಿಂದ ಹೆಸರು ಪಡೆದ ಈ ಬೀದಿಗೆ ವಾದ್ಯಗಳ ಅಂಗಡಿಗಳೂ ಕೀರ್ತಿ ತಂದಿವೆ. ಮದುವೆಯ ಜವಳಿ ಕೊಳ್ಳಲು ಬಂದ ಸಂಸಾರ, ಮೃದಂಗದ ಶ್ರುತಿ ನೋಡಲು ಬಂದ ವಿದ್ವಾಂಸ, ಇಬ್ಬರೂ ಇಲ್ಲಿ ಮೈಗೆ ಮೈ ತಾಗಿಸಿಕೊಂಡೇ ನಡೆಯಬೇಕು. ಇಂಥ ಬೀದಿಗೂ ಬಂದೂಕಿನ ಗುರಿವಿದ್ಯೆಗೂ ಏನು ನಂಟು ಎಂದು ಓದುಗರು ಹುಬ್ಬೇರಿಸಬಹುದು. ನಂಟು ಉಂಟು; ಅದು ಅಳತೆಯ ನಂಟು.

ಬಳೆಯಂಗಡಿಯಲ್ಲಿ ‘ಎರಡು-ನಾಲ್ಕು’, ‘ಎರಡು-ಆರು’ ಎಂದು ಅಳತೆ ಕೇಳುತ್ತಾರೆ. ಎರಡು ಅಂಗುಲ, ಅದರ ಮೇಲೆ ಅಂಗುಲದ ಹದಿನಾರನೆಯ ನಾಲ್ಕು ಪಾಲು ಎಂದು ಅದರ ಅರ್ಥ. ಅಂದರೆ ‘ಎರಡು-ನಾಲ್ಕು’ ಬಳೆಯ ಒಳವ್ಯಾಸ ಸುಮಾರು 57 ಮಿಲಿಮೀಟರು. ಹತ್ತು ಮೀಟರು ದೂರದ ಏರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹೊರಗಿನ ಕಟ್ಟಕಡೆಯ ವೃತ್ತದ ವ್ಯಾಸ 45.5 ಮಿಲಿಮೀಟರು. ಒಂದರಿಂದ ಹತ್ತರವರೆಗಿನ ಇಡೀ ಗುರಿ ಮದುವಣಗಿತ್ತಿಯ ಬಳೆಯೊಳಗೆ ಸಲೀಸಾಗಿ ಅಡಗುತ್ತದೆ! ನಡುವಣ ಹತ್ತರ ಚುಕ್ಕೆಯೋ, ಕೇವಲ ಅರ್ಧ ಮಿಲಿಮೀಟರು, ಸೂಜಿಯಿಂದ ಚುಚ್ಚಿದಷ್ಟು. 4.5 ಮಿಲಿಮೀಟರಿನ ಸೀಸದ ಗುಂಡು ಆ ಚುಕ್ಕೆಯನ್ನು ಸೋಂಕಿದರೆ ಹತ್ತು ಅಂಕ. ನಟ್ಟನಡುವೆ ಬಿದ್ದರೆ 10.9. ಒಂದೂಕಾಲು ಗಂಟೆಯೊಳಗೆ, ನಿಂತ ನಿಲುವಿನಲ್ಲಿ, ಅರುವತ್ತು ಗುಂಡು.

ಇದೇ ಹಳೆಯ ಪೇಟೆಯ ಇನ್ನೊಂದು ಮಗ್ಗುಲಿಗೆ ತಾರಾಮಂಡಲಪೇಟೆ ಎಂಬ ಹೆಸರು. ಟಿಪ್ಪುವಿನ ಕಾಲದ ರಾಕೆಟ್ಟುಗಳ ನೆನಪು ಅದು ಎನ್ನುತ್ತಾರೆ. ಆ ರಾಕೆಟ್ಟುಗಳು ಶತ್ರುವನ್ನು ಬೆದರಿಸಿದ್ದು ಅಬ್ಬರದಿಂದ, ಗುರಿಯ ನಿಖರತೆಯಿಂದಲ್ಲ. ಏರ್ ರೈಫಲ್ಲಿನ ಧರ್ಮವೇ ಬೇರೆ. ಇಲ್ಲಿ ಅಬ್ಬರವೆಂಬುದೇ ಇಲ್ಲ.

1984ರಲ್ಲಿ ಒಲಿಂಪಿಕ್ಸ್ ಸೇರಿದ ಈ ಸ್ಪರ್ಧೆಯಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಮೇಲೆ ಮಧ್ಯಮ ವರ್ಗದ ಮನೆಗಳಲ್ಲೂ ಮಕ್ಕಳು ‘ಅಪ್ಪ, ನನಗೂ ರೈಫಲ್’ ಎನ್ನತೊಡಗಿದರು. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಕೊರಿಯದ ಚಾಂಗ್ವಾನಿನ ಏಷ್ಯನ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದು ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತಕ್ಕೊಂದು ಸ್ಥಾನ ಗಳಿಸಿಕೊಟ್ಟಳು. ಸ್ಥಾನ ದೇಶದ್ದು, ಗೆದ್ದವರದಲ್ಲ ಎಂಬುದು ನಿಯಮ. ಆಯ್ಕೆಯ ಪರೀಕ್ಷೆಗಳಾದ ಮೇಲೆ ಪ್ಯಾರಿಸ್ಸಿಗೆ ಹೋದವರು ಬೇರೆಯವರು. ಮಕ್ಕಳ ಕೈಗೆ ರೈಫಲ್ ಕೊಡುವ ತಂದೆತಾಯಿಗಳು ಇದನ್ನೂ ತಿಳಿದಿರುವುದು ಒಳ್ಳೆಯದು.

ಇನ್ನು ದುಡ್ಡಿನ ಮಾತು. ಜರ್ಮನಿಯ ಸ್ಪರ್ಧಾ ರೈಫಲ್ಲಿಗೆ ಎರಡು ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆ. ತಿಂಗಳ ಸಂಬಳವನ್ನೇ ನಂಬಿದ ಗೃಹಸ್ಥ ಅದನ್ನು ಕೇಳಿದೊಡನೆ ಕೈಮುಗಿದು ಎದ್ದುಬಿಡುತ್ತಾನೆ. ಹಾಗೆ ಏಳಬೇಕಾಗಿಲ್ಲ. ಬಳೇಪೇಟೆಯ ವಾದ್ಯದಂಗಡಿಗೆ ಬರುವ ಹಿರಿಯರನ್ನು ನೋಡಿದರೆ ದಾರಿ ತಿಳಿದೀತು. ಸರಳೆವರಸೆ ಮುಗಿಸದ ಹುಡುಗಿಗೆ ಕಚೇರಿಯ ವೀಣೆ ಕೊಡಿಸುವವರುಂಟೆ? ಮೊದಲ ತಿಂಗಳುಗಳು ಗುರುಗಳ ಮನೆಯ ವೀಣೆಯಲ್ಲೇ ಕಳೆಯುತ್ತವೆ. ರೈಫಲ್ಲಿನದೂ ಅದೇ ಕ್ರಮ. ತರಬೇತಿಯ ಶಾಲೆಗೆ ಸೇರಿ, ಅಲ್ಲಿನ ರೈಫಲ್ಲನ್ನೇ ಹಿಡಿದು, ಆರು ತಿಂಗಳಾದರೂ ನಿಲ್ಲಲು ಕಲಿಯಬೇಕು. ಆಗಲೂ ಉತ್ಸಾಹ ಉಳಿದಿದ್ದರೆ ಮುಂದಿನ ವೆಚ್ಚ. ಶಾಲಾ ಮಕ್ಕಳ ರಾಷ್ಟ್ರೀಯ ಕ್ರೀಡೆಗಳಲ್ಲಿ ಸಾದಾ ಗುರಿಗೂಟದ ಏರ್ ರೈಫಲ್ಲಿಗೇ ಪ್ರತ್ಯೇಕ ಸ್ಪರ್ಧೆ ಉಂಟು. ದುಬಾರಿ ರೈಫಲ್ಲಿಲ್ಲದವರಿಗೂ ಅಲ್ಲಿ ಬಾಗಿಲು ತೆರೆದಿದೆ.

ಮೊದಲು ಕೊಳ್ಳಬೇಕಾದುದು ರೈಫಲ್ಲಲ್ಲ, ಮೈಗೆ ಹೊಂದುವ ಕೋಟು ಮತ್ತು ಎಡಗೈಯ ಗವಸು. ಐದೂವರೆ ಕಿಲೋ ಮೀರದ ರೈಫಲ್ಲಿನ ಭಾರವನ್ನು ಹೊರಬೇಕಾದುದು ಸ್ನಾಯುವಲ್ಲ, ಮೂಳೆ. ಎಡಮೊಳಕೈ ಸೊಂಟದೆಲುಬಿನ ಮೇಲೆ ನೆಲೆಗೊಂಡಾಗ ಬೆನ್ನಿಗೆ ಆಸರೆಯಾಗುವುದು ಆ ದಪ್ಪ ಕ್ಯಾನ್‌ವಾಸಿನ ಕೋಟು. ಪಕ್ಕದ ಬೀದಿಯ ದರ್ಜಿಗೆ ಕೊಟ್ಟು ಅಗ್ಗದಲ್ಲಿ ಹೊಲಿಸಿದರಾಯಿತು ಎಂಬ ಜಾಣತನ ಇಲ್ಲಿ ನಡೆಯದು. ಬಟ್ಟೆಯ ಒಂದು ಪದರ 2.5 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಸ್ಪರ್ಧೆಯ ತಪಾಸಣೆಯಲ್ಲಿ ತಳ್ಳಿಹಾಕುತ್ತಾರೆ. ಬೆಳೆಯುವ ಮಕ್ಕಳಿಗೆ ಕೋಟು ಬೇಗ ಚಿಕ್ಕದಾಗುತ್ತದೆ. ಹಿರಿಯ ವಿದ್ಯಾರ್ಥಿಗಳು ಬಿಟ್ಟ ಕೋಟನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇಕೆ?

ಹಳೆಯ ರೈಫಲ್ಲನ್ನು ಕೊಳ್ಳುವುದೂ ಒಳ್ಳೆಯ ಉಪಾಯವೇ, ಆದರೆ ಕಣ್ಣು ತೆರೆದಿರಬೇಕು. ಒತ್ತಿದ ಗಾಳಿಯನ್ನು ತುಂಬುವ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಆಯುಸ್ಸು ಗೊತ್ತುಮಾಡಿರುತ್ತಾರೆ. ತಾರೀಖು ಅದರ ಮೇಲೆಯೇ ಇರುತ್ತದೆ. ಬೆಲೆ ಇಳಿದಿದೆಯೆಂದು ಹಿಗ್ಗಿ, ಆಯುಸ್ಸು ತೀರಿದ ಸಿಲಿಂಡರನ್ನು ಮನೆಗೆ ತಂದರೆ ಉಳಿಸಿದ ಹಣ ಹೊಸ ಸಿಲಿಂಡರಿಗೇ ಹೋಗುತ್ತದೆ. 2016ರ ಆಯುಧ ನಿಯಮಗಳಂತೆ 4.5 ಮಿಲಿಮೀಟರಿನ, 20 ಜೌಲ್ ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಸಿಡಿಮದ್ದಿನ .22 ರೈಫಲ್ಲಿಗಾದರೆ ಬೇಕೇಬೇಕು. ಕಾಸಿಲ್ಲದೆ ಅದರ ರುಚಿ ನೋಡಬಯಸುವ ವಿದ್ಯಾರ್ಥಿಗಳಿಗೆ 1948ರ ಕಾಯಿದೆಯಿಂದ ಹುಟ್ಟಿದ ಎನ್.ಸಿ.ಸಿ. ಇದೆ, ಅಲ್ಲಿನ ಕೆಡೆಟ್ಟುಗಳು ನೆಲದ ಮೇಲೆ ಬೋರಲು ಮಲಗಿ 25 ಗಜದ ಗುರಿಗೆ ಹೊಡೆಯುತ್ತಾರೆ.

ಗುಂಡಿನ ಖರ್ಚೂ ಸಣ್ಣದಲ್ಲ. 500 ಗುಂಡುಗಳ ಒಂದು ಡಬ್ಬಿ ಎಂಟು ಸ್ಪರ್ಧೆಗಳ ಅಭ್ಯಾಸಕ್ಕೆ ಮುಗಿಯುತ್ತದೆ. ಆದ್ದರಿಂದಲೇ ಅನುಭವಿಗಳು ಗುಂಡಿಲ್ಲದ ಅಭ್ಯಾಸಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಮುಂಬಾಗಿಲು ಕಿರಿದಾಗಿ ಒಳಗೆ ಉದ್ದಕ್ಕೆ ಚಾಚಿರುವ ಪೇಟೆಯ ಮನೆಗಳಲ್ಲಿ ಪಡಸಾಲೆಯಿಂದ ಅಡಿಗೆಮನೆಯವರೆಗೆ ಐದು ಮೀಟರು ಸಿಕ್ಕರೂ ಸಾಕು. ಗುರಿಯನ್ನು ಅರ್ಧ ಅಳತೆಗೆ ಬರೆದು, ನೆಲದಿಂದ ಸುಮಾರು 140 ಸೆಂಟಿಮೀಟರು ಎತ್ತರದಲ್ಲಿ ಗೋಡೆಗೆ ಅಂಟಿಸಬೇಕು. ರೈಫಲ್ಲು ಬರಿದೆಂದು ಎರಡು ಸಲ ನೋಡಬೇಕು, ಮನೆಯವರು ಎದುರಿಗೆ ಸುಳಿಯದಂತಿರಬೇಕು. ಗುಂಡು ತುಂಬುವುದು ತರಬೇತಿಯ ಶಾಲೆಯಲ್ಲಿ ಮಾತ್ರ. ಆಮೇಲೆ ಉಸಿರನ್ನು ಅರ್ಧ ಬಿಟ್ಟು, ಕುದುರೆಯನ್ನು ಮೆಲ್ಲಗೆ ಒತ್ತುವುದು. ‘ಟಿಕ್’ ಎಂಬ ಒಂದು ಸಣ್ಣ ಸದ್ದು. ಕೆಳಗಿನ ಅಂಗಡಿಯಲ್ಲಿ ಮೃದಂಗದ ಶ್ರುತಿ ನೋಡುತ್ತಿರುವವನಿಗೆ ಅದು ಕೇಳಿಸುವುದೇ ಇಲ್ಲ.