ಮೈಕ್‌ಸೆಟ್ ಅಣ್ಣನ ಜೊತೆ ಐರನ್ ಮೇಡನ್

ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿಗೆ ಬರುತ್ತೆ ಅನ್ನೋ ಸುದ್ದಿ ಚೆನ್ನೈನ ಪಲ್ಲಾವರದಲ್ಲಿದ್ದ ನನಗೆ ಯಾರಿಂದ ಗೊತ್ತಾಯಿತೋ ಈಗ ನೆನಪಿಲ್ಲ. ಪೇಪರಿನಲ್ಲಿ ಓದಿದೆನೋ, ಲೋಕಲ್ ಟ್ರೇನಿನಲ್ಲಿ ಯಾರಾದರೂ ಹೇಳಿದರೋ. 2007ರ ಮಾರ್ಚ್ ಅನ್ನೋದು ಮಾತ್ರ ಗಟ್ಟಿ. ಯುಗಾದಿ ಹತ್ತಿರ ಬಂದಿತ್ತು, ಹಬ್ಬದ ನೆಪ ಹೇಳಿ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಬಹುದಿತ್ತು. ಮನೆಯಲ್ಲಿ ಒಂದೇ ಷರತ್ತು: ಒಬ್ಬನೇ ಹೋಗಕೂಡದು. ಅದಕ್ಕೂ ಕಾರಣ ಇತ್ತು ಅನ್ನಿ. ಫೆಬ್ರವರಿ 5ಕ್ಕೆ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದು, 12ಕ್ಕೆ ಕರ್ನಾಟಕ ಬಂದ್ ಆಗಿ, ಎರಡೂ ಕಡೆ ಇರುವ ನಮ್ಮಂಥ ಮನೆಗಳಲ್ಲಿ ಪ್ರಯಾಣ ಅಂದರೆ ಸಾಕು, ಫೋನುಗಳು ಓಡಾಡುತ್ತಿದ್ದವು.

ಜೊತೆಗೆ ಯಾರು? ಯಾರೂ ಎಣಿಸದ ಮನುಷ್ಯ ಹೊರಟು ನಿಂತರು. ನಮ್ಮ ಬೀದಿ ಮೂಲೆಯಲ್ಲಿ ಸೌಂಡ್ ಸರ್ವೀಸ್ ಅಂಗಡಿ ಇಟ್ಟಿದ್ದ ಮೈಕ್‌ಸೆಟ್ ಅಣ್ಣ.

ಅವರ ಬಗ್ಗೆ ಸ್ವಲ್ಪ ಹೇಳಬೇಕು. ತಮಿಳರ ಆಡಿ ತಿಂಗಳು ಬಂತೆಂದರೆ ಅಮ್ಮನ್ ಗುಡಿಯಲ್ಲಿ ಕೂಳು ಕಾಯಿಸಿ ಹುಯ್ಯುತ್ತಾರೆ. ಕೂಳು ಅಂದರೆ ರಾಗಿ ಗಂಜಿ, ಸಣ್ಣ ಈರುಳ್ಳಿ ಕಚ್ಚಿಕೊಂಡು ಕುಡಿಯಬೇಕು, ಬಿಸಿಲಿಗೆ ಅದಕ್ಕಿಂತ ತಂಪು ಬೇರೆ ಇಲ್ಲ. ಅವತ್ತು ಬೆಳಗಿನ ಜಾವಕ್ಕೇ ದೀಪದ ಕಂಬಗಳಿಗೆ ಹಾರನ್ ಕಟ್ಟಿ ಎಲ್.ಆರ್. ಈಶ್ವರಿಯವರ ಅಮ್ಮನ್ ಹಾಡು ಹಾಕುತ್ತಿದ್ದವರು ಇವರೇ. ನಮ್ಮ ಕನ್ನಡ ಸಿನಿಮಾಗಳಿಗೂ ಹಾಡಿದ ಅದೇ ಈಶ್ವರಿ. ಅಣ್ಣನ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಟೆಸ್ಟರ್, ಒಂದು ಸುರುಳಿ ಕರೀ ಟೇಪು. ಮದುವೆಗೆ ಊಟಕ್ಕೆ ಕರೆದರೂ ಹಾಗೇ ಬರುತ್ತಿದ್ದರು. ಪಾಯಸ ಬಡಿಸುವಾಗ ಅವರ ಕಣ್ಣು ಎಲೆ ಮೇಲಲ್ಲ, ಬೇರೆಯವರು ಕಟ್ಟಿದ ಸ್ಪೀಕರ್ ಮೇಲೆ.

"ಹಾಡು ನಿಂಗೆ ಇರಲಿ ತಂಬಿ, ಅವರ ಪೆಟ್ಟಿಗೆ ನೋಡಬೇಕು ನಾನು" ಅಂದರು. ಟಿಕೆಟ್ ದುಡ್ಡು ಅವರೇ ಕೊಟ್ಟರು.

ಮೇಡನ್ ಹಾಡುಗಳ ಹುಚ್ಚು ನನಗೆ ಹಿಡಿದದ್ದು ಹಳೇ ಟ್ರಂಕ್ ರೋಡಿನ ಶುಕ್ರವಾರದ ಸಂತೆಯಲ್ಲಿ. ಪಲ್ಲಾವರದ ಸಂತೆ ಕಂಡವರಿಗೆ ಗೊತ್ತು, ಅಲ್ಲಿ ಸಿಗದ ಸಾಮಾನಿಲ್ಲ: ಸೈಕಲ್ ಚೈನು, ಪಾರಿವಾಳ, ಒಡೆದ ಟಿವಿ, ದಾಸವಾಳದ ಗಿಡ. ಒಂದು ಗೋಣಿ ಮೇಲೆ ಸುರಿದಿದ್ದ ಹಳೇ ಕ್ಯಾಸೆಟ್ಟುಗಳಲ್ಲಿ ಎಡ್ಡಿಯ ಮುಖ ಕಂಡಿತು. ಎಡ್ಡಿ ಆ ಬ್ಯಾಂಡಿನ ಗೊಂಬೆ, ಚರ್ಮ ಸುಲಿದ ತಲೆಬುರುಡೆ. ಅಮ್ಮ ನೋಡಿದವಳೇ "ಆ ಪ್ರೇತಾನ ದೇವರ ಗೂಡಿನ ಕಡೆ ಮುಖ ಮಾಡಿ ಇಡಬೇಡ" ಅಂದಳು. ಮೀನಂಬಾಕ್ಕಂ ವಿಮಾನ ನಿಲ್ದಾಣ ಪಕ್ಕದಲ್ಲೇ ಆದ್ದರಿಂದ ವಿಮಾನ ಇಳಿಯುವಾಗಲೆಲ್ಲ ಹಾಡು ಮುಳುಗಿಹೋಗೋದು. ಅದನ್ನು ಹಾಡುತ್ತಿದ್ದ ಬ್ರೂಸ್ ಡಿಕಿನ್ಸನ್ ಸ್ವತಃ ವಿಮಾನದ ಪೈಲಟ್ ಅಂತ ಆಮೇಲೆ ತಿಳಿದು ಸಮಾಧಾನ ಆಯಿತು. ಈ ಕಚೇರಿಯ ಮರುವರ್ಷ ತನ್ನ ಬ್ಯಾಂಡನ್ನು, ಸಾಮಾನು ಸರಂಜಾಮಿನ ಸಮೇತ, ಬೋಯಿಂಗ್ 757ರಲ್ಲಿ ತಾನೇ ಹಾರಿಸಿಕೊಂಡು ಮುಂಬೈಗೆ ಬಂದ ಪುಣ್ಯಾತ್ಮ!

ಎಲ್ಲಿಗೋ ಹೋದೆ. ರಾತ್ರಿ ಟ್ರೇನು ಹತ್ತಿದೆವು. ಜೋಲಾರ್‌ಪೇಟೆಯಲ್ಲಿ ನಿದ್ದೆಗಣ್ಣಲ್ಲಿ ಟೀ, ಬಂಗಾರಪೇಟೆ ದಾಟುವಾಗ ಕಿಟಕಿಯಲ್ಲಿ ತಣ್ಣನೆ ಗಾಳಿ. ಕಂಟೋನ್ಮೆಂಟಿನಲ್ಲಿ ಇಳಿದು ಮಲ್ಲೇಶ್ವರಕ್ಕೆ. ಚಿಕ್ಕಮ್ಮ ಅಣ್ಣನನ್ನು ಉಪಚಾರ ಮಾಡಿ ಕೂರಿಸಿ, ನನ್ನನ್ನು ಒಳಗೆ ಕರೆದು "ಅವರು ಬೀದೀಲಿ ಜೋರಾಗಿ ತಮಿಳು ಮಾತಾಡದೇ ಇದ್ದರೆ ವಾಸಿ ಕಣೋ" ಅಂದಳು. ಆಮೇಲೆ "ಕಚೇರಿ ಎಷ್ಟು ಹೊತ್ತು? ಪಕ್ಕವಾದ್ಯ ಯಾರು?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಮಾವಿನಕಾಯಿ ಚಿತ್ರಾನ್ನ ಸ್ಟೀಲ್ ಡಬ್ಬಿಗೆ ತುಂಬಿದಳು. ಡಬ್ಬಿ ಮುಚ್ಚಳದ ಮೇಲೆ ಅವಳ ಮದುವೆ ತಾರೀಖು ಕೊರೆಸಿತ್ತು.

ಅರಮನೆ ಮೈದಾನದ ಗೇಟಿನಲ್ಲಿ ಡಬ್ಬಿಯನ್ನೂ ಬಿಡಲಿಲ್ಲ, ಅಣ್ಣನ ಟೆಸ್ಟರನ್ನೂ ಬಿಡಲಿಲ್ಲ. ಫುಟ್‌ಪಾತಿನಲ್ಲೇ ಕೂತು ಚಿತ್ರಾನ್ನ ಮುಗಿಸಿದೆವು. ಸುತ್ತ ಕರೀ ಟೀ ಶರ್ಟಿನ ಹುಡುಗರು, ಅವರಿಗೂ ಒಂದೊಂದು ಹಿಡಿ. ಖಾಲಿ ಡಬ್ಬಿಯೊಳಗೆ ಟೆಸ್ಟರ್ ಇಟ್ಟು ಎಳನೀರಿನವನ ಗಾಡಿಯಲ್ಲಿ ಬಿಟ್ಟೆವು. ಅಣ್ಣ ಅವನ ಜೊತೆ ತಮಿಳಿನಲ್ಲೇ ಮಾತಾಡಿದರು, ಅವನೂ ತಮಿಳಿನಲ್ಲೇ ಮಾತಾಡಿದ. ಚಿಕ್ಕಮ್ಮನ ಭಯ ಅಲ್ಲಿಗೇ ಮುಗಿಯಿತು.

ಮೊದಲು ದಿಲ್ಲಿಯ ಪರಿಕ್ರಮ ಬ್ಯಾಂಡ್. ಅವರ ಪಿಟೀಲು ಅಣ್ಣನಿಗೆ ಹಿಡಿಸಿತು. ಆಮೇಲೆ ಮೇಡನ್‌ನ ಬಾಸ್ ನುಡಿಸುವ ಸ್ಟೀವ್ ಹ್ಯಾರಿಸ್‌ನ ಮಗಳು ಲಾರೆನ್ ಹಾಡಿದಳು. ಅದರಲ್ಲಿ ನನಗೆ ಹೆಚ್ಚು ಉಳಿದಿಲ್ಲ, ಧೂಳು ಮಾತ್ರ ಗಂಟಲಲ್ಲಿ ಇನ್ನೂ ಇದೆ. ಕತ್ತಲಾಗಿ ಮೇಡನ್ ಬಂದಾಗ ಹಿಂದಿನಿಂದ ಎದ್ದ ಕೂಗಿಗೆ ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದೆ. ಸ್ಟೀವ್ ಹ್ಯಾರಿಸ್ ಸ್ಪೀಕರ್ ಮೇಲೆ ಒಂದು ಕಾಲಿಟ್ಟು, ಬಾಸ್ ಗಿಟಾರನ್ನು ಬಂದೂಕಿನ ಹಾಗೆ ಜನರ ಕಡೆ ಹಿಡಿದು, ಹಾಡಿನ ಒಂದೊಂದು ಮಾತನ್ನೂ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದ. ಮೈಕಿಲ್ಲ, ಯಾರಿಗೂ ಕೇಳಿಸದು, ಆದರೂ ಹೇಳಿಕೊಳ್ಳುತ್ತಿದ್ದ. ಕ್ಯಾಸೆಟ್ಟಿನಲ್ಲಿ ಅದು ಸಿಕ್ಕಿರಲಿಲ್ಲ ನೋಡಿ. 1854ರ ಕ್ರಿಮಿಯಾ ಯುದ್ಧದ 'ದಿ ಟ್ರೂಪರ್' ಹಾಡಿಗೆ ಬ್ರೂಸ್ ಕೆಂಪು ಕೋಟು ತೊಟ್ಟು ಬ್ರಿಟಿಷ್ ಬಾವುಟ ಬೀಸಿದ. ಮೈಸೂರು ಅರಸರ ಮೈದಾನದಲ್ಲಿ ಆ ಬಾವುಟಕ್ಕೆ ನಮ್ಮ ಹುಡುಗರೇ ಕುಣಿದರು, ಯಾರಿಗೂ ಏನೂ ಅನ್ನಿಸಲಿಲ್ಲ.

ನಮ್ಮ ಪಕ್ಕದಲ್ಲೊಬ್ಬ ಫೋನು ಕಿವಿಗಿಟ್ಟುಕೊಂಡು ಹಾಡು ಹಾಡಿನ ನಡುವೆ ವಿಕೆಟ್ ಬಿದ್ದದ್ದು ಹೇಳುತ್ತಿದ್ದ. ಅವತ್ತೇ ವಿಶ್ವಕಪ್ಪಿನಲ್ಲಿ ದ್ರಾವಿಡ್ ತಂಡ ಟ್ರಿನಿಡಾಡಿನಲ್ಲಿ ಬಾಂಗ್ಲಾದೇಶದ ಮೇಲೆ ಆಡುತ್ತಿತ್ತು. 191ಕ್ಕೆ ಆಲ್ ಔಟ್ ಆಗಿ ಸೋತಿತು. ಬೆಳಿಗ್ಗೆ ಊರೆಲ್ಲ ಸೂತಕ, ನಮಗೆ ಮಾತ್ರ ಕಿವಿ ಗುಂಯ್ ಅನ್ನುತ್ತಿದ್ದರಿಂದ ದುಃಖ ಪೂರ್ತಿ ಕೇಳಿಸಲಿಲ್ಲ.

ಅಣ್ಣ? 'ಫಿಯರ್ ಆಫ್ ದಿ ಡಾರ್ಕ್' ಹಾಡಿಗೆ ಮೈದಾನವೆಲ್ಲ ರಾಗ ಎಳೆಯುವಾಗ ತಿರುಗಿ ನೋಡಿದೆ, ಆಸಾಮಿ ಪತ್ತೆ ಇಲ್ಲ. ಎಷ್ಟೋ ಹೊತ್ತಿಗೆ ಹಿಂದಿನ ಬೇಲಿ ಕಡೆಯಿಂದ ಬೆವರು ಒರೆಸಿಕೊಂಡು ಬಂದರು. ಮುಂದೆ, ನಡುವೆ, ಹಿಂದೆ, ಮೂಲೆಯಲ್ಲಿ, ಎಲ್ಲ ಕಡೆ ನಿಂತು ಕೇಳಿ ಬಂದಿದ್ದರು. ವೇದಿಕೆಯ ಎರಡೂ ಕಡೆ ಎತ್ತರಕ್ಕೆ ತೂಗುಹಾಕಿದ್ದ ಪೆಟ್ಟಿಗೆಗಳನ್ನು ತೋರಿಸಿ ಕಿವಿಗೆ ಬಾಯಿಟ್ಟು ಕೂಗಿದರು: "ನಾವು ಹಾರನ್ ಕಟ್ಟಿದರೆ ಮುಂದಿನವನ ಕಿವಿ ಹರಿಯುತ್ತೆ, ಹಿಂದಿನವನಿಗೆ ಮಾತು ತಿಳಿಯಲ್ಲ. ಇಲ್ಲಿ ನೋಡು, ಮೇಲಿನ ಪೆಟ್ಟಿಗೆ ದೂರದವನಿಗೆ, ಕೆಳಗಿನದು ಹತ್ತಿರದವನಿಗೆ. ಎಲ್ಲರಿಗೂ ಸಮ!" ಅಷ್ಟೂ ಹೊತ್ತು ಬ್ರೂಸ್‌ನನ್ನು ಅವರು ಒಂದು ಸಲವಾದರೂ ಸರಿಯಾಗಿ ನೋಡಿದರೋ ಇಲ್ಲವೋ. ನಾನು ಬ್ಯಾಂಡನ್ನು ನೋಡಿದೆ, ಅವರು ಹಿಂದಿನ ಬೇಲಿ ಹತ್ತಿರ ನಿಂತ ಬಡಪಾಯಿಗೆ ಹಾಡು ಮುಟ್ಟಿತೇ ಅಂತ ನೋಡಿದರು. ಕಚೇರಿ ಅನ್ನೋದು ಅಲ್ಲೂ ನಡೆಯುತ್ತೆ ಅಂತ ನನಗೆ ತಿಳಿದದ್ದು ಅವತ್ತೇ.

ಡಬ್ಬಿ, ಟೆಸ್ಟರ್ ಎರಡೂ ಭದ್ರವಾಗಿ ಸಿಕ್ಕವು.

ಆ ವರ್ಷದ ಆಡಿಗೆ ಅಣ್ಣ ಹಾರನ್ ಬಿಟ್ಟು, ಎತ್ತರದ ಸರ್ವೆ ಗಳಕ್ಕೆ ಹಳೇ ಪೆಟ್ಟಿಗೆಗಳನ್ನು ಒಂದರ ಕೆಳಗೊಂದು ಬಾಗಿಸಿ ಕಟ್ಟಿದರು. ಗುಡಿ ಮುಂದಿನ ಅಜ್ಜಿಯರು ಕೂಳು ಕುಡಿಯುತ್ತ ನಿರಾಳವಾಗಿ ಹರಟಿದರು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಬೀದಿಯವರು ಬಂದು, "ಏನಣ್ಣಾ, ಈ ಸಲ ಹಬ್ಬ ಇಲ್ವಾ?" ಅಂತ ಜಗಳ ತೆಗೆದರು. ಸಂಜೆಗೆ ಹಾರನ್ ಮತ್ತೆ ಕಂಬ ಏರಿತು. ಪೆಟ್ಟಿಗೆಗಳು ಮದುವೆ ಮನೆಗಳಿಗೆ ಹೋದವು.

ಐರನ್ ಮೇಡನ್ ಹೇಗಿತ್ತು ಅಂತ ಬೀದಿ ಹುಡುಗರು ಅವರನ್ನು ಬಹಳ ವರ್ಷ ಕೇಳುತ್ತಿದ್ದರು. ಟೇಪು ಹಲ್ಲಲ್ಲಿ ಕಚ್ಚಿ ಹರಿಯುತ್ತ, ತಲೆ ಎತ್ತದೆ ಹೇಳುತ್ತಿದ್ದರು: "ಹಾಡು ತಂಬೀನ ಕೇಳು. ಕಟ್ಟಿದ್ದು ಚೆನ್ನಾಗಿ ಕಟ್ಟಿದ್ದರು."