ಹೇಂಟೆಯಿಲ್ಲದ ಕಾವು

ಅಂಗಡಿಯ ಬಿಳಿ ಮೊಟ್ಟೆಯನ್ನು ಎಷ್ಟು ದಿನ ಬೆಚ್ಚಗಿಟ್ಟರೂ ಮರಿಯಾಗದು. ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಇದು ತಿಳಿಯುವ ಮೊದಲೇ ನಾವು ಹನ್ನೆರಡು ಮೊಟ್ಟೆ ಹಿಡಿಸುವ ಇನ್‌ಕ್ಯುಬೇಟರೊಂದನ್ನು ತರಿಸಿಕೊಂಡಿದ್ದೆವು. ಹಟ ಮಗಳದು, ಒತ್ತಾಸೆ ನಮ್ಮದು. ಕಡೆಗೆ ಘಣಸೋಲಿಯ ಹಳೆಯ ಊರಿನಲ್ಲಿ ನಾಟಿ ಕೋಳಿ ಸಾಕಿರುವ ಆಗ್ರಿ ಸಮುದಾಯದ ಅಜ್ಜಿಯೊಬ್ಬರಿಂದ ಮೊಟ್ಟೆ ತಂದೆವು. ಯಂತ್ರದ ವಿಷಯವನ್ನು ಅವರಿಗೆ ಹೇಳಲು ಏಕೋ ನಾಚಿಕೆಯಾಯಿತು.

ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 50ರ ಆಸುಪಾಸು, ಅವಧಿ 21 ದಿನ. ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟದಂತೆ ಮೊಟ್ಟೆಗಳನ್ನು ಆಗಾಗ ಹೊರಳಿಸಬೇಕು. ಹೇಂಟೆ ಇದನ್ನು ಕೊಕ್ಕಿನಿಂದ ತಾನಾಗಿಯೇ ಮಾಡುತ್ತದೆ. ನಾವು ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಕಚೇರಿಗೆ ಹೊರಡುವ ಮುನ್ನ, ಮರಳಿದ ಮೇಲೆ, ಮಲಗುವಾಗ ಹೀಗೆ ಮೂರು ಸಲ ಮಾಡಿದೆವು. ಏಳನೆಯ ರಾತ್ರಿ ದೀಪವಾರಿಸಿ ಮೊಬೈಲಿನ ಬೆಳಕಿಗೆ ಹಿಡಿದಾಗ ಒಂಬತ್ತರಲ್ಲಿ ಕೆಂಪು ನರಗಳ ಬಲೆ ಕಂಡಿತು. ಉಳಿದ ಮೂರು ಬರಿದು.

ಕುಂದಾಪುರದ ಕಡೆಯವರಾದ ಅಮ್ಮನಿಗೆ ಇದೆಲ್ಲ ಆಟವೆನಿಸಿತ್ತು. ಅವರ ಕಾಲದಲ್ಲಿ ಬುಟ್ಟಿಗೆ ಹುಲ್ಲು ಹಾಸಿ ಹೇಂಟೆಯನ್ನು ಕೂರಿಸಿದರೆ ಮುಗಿಯಿತು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಬ್ಬಿಣದ ತುಂಡೊಂದನ್ನು ಇಡುತ್ತಿದ್ದರಂತೆ. ಒಂದು ಬೆಳಿಗ್ಗೆ ನಮ್ಮ ಯಂತ್ರದ ಮೇಲೂ ಒಂದು ಮೊಳೆ ಇತ್ತು! ಹದಿನಾಲ್ಕನೆಯ ರಾತ್ರಿ ಎರಡು ಗಂಟೆ ವಿದ್ಯುತ್ ಹೋದಾಗ ಅದಕ್ಕೆ ಕಂಬಳಿ ಹೊದಿಸಿ ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟು ಕುಳಿತವರೂ ಅಮ್ಮನೇ.

ಹದಿನೆಂಟನೆಯ ದಿನದಿಂದ ಹೊರಳಿಸಬಾರದು, ತೇವ ಹೆಚ್ಚಿಸಬೇಕು. ಇಪ್ಪತ್ತರಂದು ಚಿಪ್ಪಿನೊಳಗಿಂದಲೇ ಚಿಂವ್‌ಗುಟ್ಟುವ ಸದ್ದು ಕೇಳಿತು. ಹೇಂಟೆಯಾದರೆ ಹೊರಗಿಂದ ಓಗೊಡುತ್ತದೆ. ಯಂತ್ರ ಸುಮ್ಮನೆ ಗುಂಯ್‌ಗುಡುತ್ತಿತ್ತು. ಚಿಪ್ಪು ಬಿರಿದ ಮೇಲೂ ಮರಿ ಹೊರಬರಲು ಒಂದಿಡೀ ದಿನ ಹಿಡಿಯಬಹುದು. ಪೊರೆಯ ನರಗಳಲ್ಲಿ ಇನ್ನೂ ರಕ್ತವಿರುತ್ತದೆಯಾದ್ದರಿಂದ ಕೈಹಾಕಬಾರದೆಂದು ಓದಿದ್ದೆವು. ಏಳು ಮರಿಗಳು ಬಂದವು. ಎಂಟನೆಯದು ರಂಧ್ರ ಕೊರೆದು ನಿಂತುಬಿಟ್ಟಿತು. ಮಗಳು ಅತ್ತರೂ ನಾವು ಕೈಹಾಕಲಿಲ್ಲ. ಅದು ಒಳಗೇ ಸತ್ತಿತು. ಒಂಬತ್ತನೆಯದು ಬಿರಿಯಲೇ ಇಲ್ಲ.

ಕಷ್ಟ ನಿಜವಾಗಿ ಶುರುವಾದದ್ದು ಆಮೇಲೆ. ಮೊದಲ ವಾರ 35 ಡಿಗ್ರಿ ಶಾಖ, ನಂತರ ವಾರಕ್ಕೆ ಮೂರರಂತೆ ಇಳಿಕೆ: ರಟ್ಟಿನ ಪೆಟ್ಟಿಗೆ, ಬಲ್ಬು, ರಾಗಿ ನುಚ್ಚು. ಎರಡು ತಿಂಗಳಾಗುವಷ್ಟರಲ್ಲಿ ನಾಲ್ಕರ ಜುಟ್ಟು ಕೆಂಪೇರಿತು. ಮೊಟ್ಟೆಯಲ್ಲಿ ಅರ್ಧದಷ್ಟು ಹುಂಜವೇ ಎಂಬ ಸರಳ ಲೆಕ್ಕ ನಮಗೆ ಹೊಳೆದಿರಲಿಲ್ಲ. ಮೊಟ್ಟೆಯುದ್ದಿಮೆಯಲ್ಲಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರಲ್ಲಿ ಅದನ್ನು ನಿಷೇಧಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಿರಿರಾಜ ತಳಿ ಮೊಟ್ಟೆ, ಮಾಂಸ ಎರಡಕ್ಕೂ ಆಗುವುದರಿಂದ ಅದರ ಹುಂಜಕ್ಕೊಂದು ಬೆಲೆಯಿದೆ. ನಮ್ಮ ಹುಂಜಗಳಿಗೆ ಮಗಳಿಟ್ಟ ಹೆಸರುಗಳಿದ್ದವು.

ಚಾಸರನ ಕಥೆಯ ಹುಂಜದ ಕೂಗು ಮಠದ ಗಡಿಯಾರಕ್ಕಿಂತ ನಂಬಿಕಸ್ಥವೆಂದು ಎಂ.ಎ. ತರಗತಿಯಲ್ಲಿ ಓದಿ ಮೆಚ್ಚಿದ್ದೆವು. ಜುಲೈಯಲ್ಲಿ ನಸುಕಿನ ನಾಲ್ಕಕ್ಕೆ ನಾಲ್ಕು ಗಡಿಯಾರಗಳು ಒಟ್ಟಿಗೆ ಕೂಗತೊಡಗಿದಾಗ ನೆರೆಯವರು ಮೆಚ್ಚಲಿಲ್ಲ. ಸೊಸೈಟಿಯ ಪತ್ರ ಬಂದಿತು; ತಪ್ಪು ಅವರದಲ್ಲ.

ಭಾನುವಾರ ಕೋರಿ ರೊಟ್ಟಿ ತಿನ್ನುವವರೇ ನಾವು. ಹಾಗಾದರೆ ಮನೆಯಲ್ಲೇ ಆಗಲಿ ಎಂದು ಅಮ್ಮ ನೇರವಾಗಿ ಹೇಳಿದರು. ಸಾಕಿದವರೇ ಕೊಯ್ದರೆ ಕೋಳಿಗೆ ಹೆದರಿಕೆ ಕಡಿಮೆ ಎಂಬುದು ಅವರ ವಾದ. ಮಗಳು ಎರಡು ದಿನ ಅವರೊಡನೆ ಮಾತಾಡಲಿಲ್ಲ. ನಾವು ಅಮ್ಮನಷ್ಟು ಪ್ರಾಮಾಣಿಕರಾಗಲಾರದೆ, ಏಳನ್ನೂ ಬುಟ್ಟಿಯಲ್ಲಿಟ್ಟು ಮೊಟ್ಟೆ ಕೊಟ್ಟ ಅಜ್ಜಿಗೇ ಒಪ್ಪಿಸಿದೆವು. ಅವರು ಹೇಂಟೆಗಳನ್ನು ಅಂಗಳಕ್ಕೆ ಬಿಟ್ಟು, ಹುಂಜಗಳನ್ನು ಒಂದೊಂದಾಗಿ ಕೈಯಲ್ಲೆತ್ತಿ ತೂಕ ನೋಡಿದರು. ಗಟಾರಿ ಅಮಾವಾಸ್ಯೆಗೆ ಎಂಟು ದಿನವಿತ್ತು. ಅದು ನಮ್ಮೂರ ಭೀಮನ ಅಮಾವಾಸ್ಯೆಯೇ. ಇಲ್ಲಿ ಶ್ರಾವಣಕ್ಕೆ ಮುನ್ನ ಮನೆಮನೆಯಲ್ಲೂ ಕೋಳಿ ಬೇಯುವ ದಿನ. ಏನು ಮಾಡುತ್ತೀರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಟಾರಿಯ ಸಂಜೆ ರೈಲಿಳಿದು, ಹಳೆಯ ಊರಿನ ಹತ್ತಿರದ ದಾರಿಯನ್ನು ಬಿಟ್ಟು, ಸುತ್ತು ಬಳಸಿ ಮನೆಗೆ ಬಂದೆವು.